ಚೀನೀ ದೇವಸ್ಥಾನದಲ್ಲಿ ಕಡ್ಡಿ ಕೇಳುವುದು ಹೇಗೆ: ಪ್ರಶ್ನೆ ಕಟ್ಟುವುದರಿಂದ ಹರಕೆ ತೀರಿಸುವವರೆಗೆ

ದೇವರ ಮುಂದೆ ಒಂದು ಪ್ರಶ್ನೆ ಇಟ್ಟು, ಉತ್ತರಕ್ಕೆ ಬಿದಿರಿನ ಡಬ್ಬಿ ಅಲ್ಲಾಡಿಸಿ ಒಂದು ಕಡ್ಡಿ ಬೀಳಿಸುವುದು ಐದು ನಿಮಿಷದ ಕೆಲಸ. ಸಿಂಗಾಪುರಕ್ಕೋ ಹಾಂಗ್‌ಕಾಂಗಿಗೋ ಪ್ರವಾಸ ಹೋದವರು ಎಷ್ಟೋ ಜನ ಮಾಡಿಯೇ ಬರುತ್ತಾರೆ. ಕಡ್ಡಿ ಬಿದ್ದ ಮೇಲೆ ಚೀಟಿ ತಗೊಂಡು, "ಒಳ್ಳೇದಾ, ಕೆಟ್ಟದ್ದಾ" ಅಂತ ಒಂದೇ ಮಾತು ಕೇಳಿಕೊಂಡು ಹೊರಟುಬಿಡುತ್ತಾರೆ. ಅಷ್ಟಕ್ಕೇ ನಿಲ್ಲಿಸಿದರೆ ಈ ಪದ್ಧತಿಯ ಸಾರವೇ ಕೈತಪ್ಪಿ ಹೋಗುತ್ತದೆ. ಪ್ರಶ್ನೆ ಹೇಗೆ ಕಟ್ಟಬೇಕು, ಬಂದ ಚೀಟಿ ಹೇಗೆ ಓದಬೇಕು, ಮಧ್ಯಮ ಅಂತ ಬಂದರೆ ಏನು ಮಾಡಬೇಕು, ವರ್ಷದ ಕೊನೆಗೆ ಮತ್ತೆ ಹೋಗಿ ಏನು ಹೇಳಬೇಕು, ಇವೆಲ್ಲ ಸೇರಿದರೆ ಮಾತ್ರ ಕಡ್ಡಿ ಕೇಳಿದ ಹಾಗೆ.

ನಾಳೆ ಏನಾಗುತ್ತದೆ ಅಂತ ಒಂದು ಬಿದಿರಿನ ಕಡ್ಡಿಗೆ ಗೊತ್ತು ಅಂತ ನಾನು ಹೇಳುವುದಿಲ್ಲ. ಆದರೆ ಸರಿಯಾಗಿ ಕೇಳಿದರೆ, ಇರುವ ಬದುಕು ಸಾಕು, ಇದರಲ್ಲೇ ನೆಮ್ಮದಿಯಾಗಿರಬಹುದು ಅನ್ನುವ ಮನಸ್ಸು ಬೆಳೆಯುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು, ಏನಿದು

ಕ್ಯಾಂಟನೀಸ್ ಮಾತಾಡುವವರು ಇದನ್ನು ಕಾವ್ ಚಿಮ್ ಅನ್ನುತ್ತಾರೆ. ಒಂದು ಡಬ್ಬಿಯಲ್ಲಿ ಚಪ್ಪಟೆ ಬಿದಿರು ಕಡ್ಡಿಗಳು, ಪ್ರತಿ ಕಡ್ಡಿಗೂ ಒಂದು ನಂಬರು. ಬಿದ್ದ ಕಡ್ಡಿಯ ನಂಬರಿಗೆ ತಕ್ಕ ಚೀಟಿ ಕೊಡುತ್ತಾರೆ. ಚೀಟಿಯಲ್ಲಿ ನಾಲ್ಕು ಸಾಲಿನ ಪದ್ಯ, ಹಳೇ ಕಾಲದ ಒಂದು ಕತೆಯ ಹೆಸರು, ಉತ್ತಮ, ಮಧ್ಯಮ, ಅಧಮ ಅನ್ನುವಂಥ ಒಂದು ದರ್ಜೆ ಇರುತ್ತವೆ.

ಕಡ್ಡಿ ಎಷ್ಟು ಅನ್ನುವುದು ದೇವರಿಗೆ ತಕ್ಕಂತೆ ಬದಲಾಗುತ್ತದೆ. ಕರುಣೆಯ ದೇವಿ ಗುವಾನ್‌ಯಿನ್ ಬಳಿ ಸಾಮಾನ್ಯವಾಗಿ 100. ಹಾಂಗ್‌ಕಾಂಗಿನ ವಾಂಗ್ ತಾಯ್ ಸಿನ್ ಬಳಿಯೂ 100. ಕಡಲ ದೇವಿ ಮಾಝುವಿನ ಅನೇಕ ಗುಡಿಗಳಲ್ಲಿ 60. ಪದ್ಧತಿ ತುಂಬಾ ಹಳೇದು. ಸಾಂಗ್ ರಾಜವಂಶದ ಕಾಲದಲ್ಲಿ, 13ನೇ ಶತಮಾನದ ಹೊತ್ತಿಗೆ, ಗುವಾನ್‌ಯಿನ್ ಚೀಟಿಗಳನ್ನು ಚಿತ್ರಗಳ ಸಮೇತ ಮರದ ಅಚ್ಚಿನಲ್ಲಿ ಮುದ್ರಿಸಿದ್ದರು. ಜಪಾನಿನ ಗುಡಿಗಳಲ್ಲಿ ಸಿಗುವ ಒಮಿಕುಜಿ ಚೀಟಿಯ ಬೇರೂ ಅಲ್ಲೇ ಇದೆ.

ಎಲ್ಲಿ ಕೇಳಬಹುದು

ಹಾಂಗ್‌ಕಾಂಗಿನ ಕೌಲೂನ್ ಭಾಗದಲ್ಲಿರುವ ವಾಂಗ್ ತಾಯ್ ಸಿನ್ ಗುಡಿ ಇದಕ್ಕೆ ತುಂಬಾ ಹೆಸರುವಾಸಿ. 1921ರಲ್ಲಿ ಶುರುವಾಗಿದ್ದು. ಮೆಟ್ರೋ ನಿಲ್ದಾಣಕ್ಕೂ ಅದೇ ಹೆಸರು, ಇಳಿದರೆ ಗುಡಿ ಪಕ್ಕದಲ್ಲೇ. ಕತೆಯ ಪ್ರಕಾರ ಈ ದೇವರು ಮೊದಲು ಕುರಿ ಕಾಯುವ ಹುಡುಗ. ಬೆಟ್ಟಕ್ಕೆ ಹೋದವನು 40 ವರ್ಷ ಮನೆಗೆ ಬರಲಿಲ್ಲ. ಅಣ್ಣ ಹುಡುಕಿಕೊಂಡು ಬಂದು "ಕುರಿಗಳೆಲ್ಲಿ" ಅಂತ ಕೇಳಿದಾಗ ಬಿಳಿ ಬಂಡೆಗಳನ್ನೇ ಕುರಿ ಮಾಡಿ ಎಬ್ಬಿಸಿದನಂತೆ. ಗುಡಿಯ ಪಕ್ಕದಲ್ಲಿ ಚೀಟಿ ಓದಿ ಅರ್ಥ ಹೇಳುವವರ ಅಂಗಡಿಗಳು ಸಾಲಾಗಿವೆ. ಕೆಲವರಿಗೆ ಇಂಗ್ಲಿಷ್ ಬರುತ್ತದೆ. ಕೂರುವ ಮೊದಲೇ ದರ ಕೇಳಿಕೊಳ್ಳಿ.

ಕನ್ನಡದವರಿಗೆ ಸಲೀಸಾಗಿ ಸಿಗುವುದು ಸಿಂಗಾಪುರದ ವಾಟರ್ಲೂ ಸ್ಟ್ರೀಟ್. ಅಲ್ಲಿ 1884ರಲ್ಲಿ ಸ್ಥಾಪನೆಯಾದ ಕ್ವಾನ್ ಇಮ್ ತೊಂಗ್ ಹುಡ್ ಚೋ ಗುಡಿ ಇದೆ. ಕ್ವಾನ್ ಇಮ್ ಅಂದರೆ ಗುವಾನ್‌ಯಿನ್‌ಳೇ. ಅದೇ ಬೀದಿಯಲ್ಲಿ ಕೆಲವೇ ಹೆಜ್ಜೆ ದೂರದಲ್ಲಿ 1870ರ ಶ್ರೀಕೃಷ್ಣನ ದೇವಸ್ಥಾನ. ಕ್ವಾನ್ ಇಮ್‌ಗೆ ಕೈಮುಗಿದು ಬಂದ ಚೀನೀ ಭಕ್ತರು ಕೃಷ್ಣನ ಮುಂದೆಯೂ ಊದುಬತ್ತಿ ಹಚ್ಚಿ ನಿಲ್ಲುವುದನ್ನು ಅಲ್ಲಿ ನೋಡಬಹುದು. ಯಾರೂ ಯಾರನ್ನೂ "ನೀವ್ಯಾಕೆ ಇಲ್ಲಿ" ಅಂತ ಕೇಳುವುದಿಲ್ಲ. ಸಂಕೋಚ ಪಡಬೇಡಿ, ಒಳಗೆ ಹೋಗಿ. ಕ್ವಾನ್ ಇಮ್ ಗುಡಿಯೊಳಗೆ ಫೋಟೋ ತೆಗೆಯುವ ಹಾಗಿಲ್ಲ, ಫೋನು ಜೇಬಿನಲ್ಲೇ ಇರಲಿ.

ಮುಂಬೈಯಲ್ಲಿರುವವರು ಅಷ್ಟು ದೂರ ಹೋಗಬೇಕಿಲ್ಲ. ಮಝಗಾಂವ್‌ನಲ್ಲಿ 1919ರ ಸೀ ಯುಪ್ ಕೂನ್ ಅನ್ನುವ ಪುಟ್ಟ ಚೀನೀ ಗುಡಿ ಇದೆ. ಬಂದರಿಗೆ ಬಂದ ಚೀನೀ ನಾವಿಕರ ಸಮುದಾಯ ಕಟ್ಟಿಕೊಂಡದ್ದು. ಅಲ್ಲೂ ಕಡ್ಡಿ ಡಬ್ಬಿ ಇದೆ.

ಪ್ರಶ್ನೆ ಕಟ್ಟುವುದು

ಇಡೀ ಕೆಲಸದಲ್ಲಿ ಕಷ್ಟದ್ದು ಇದೇ. ಗುಡಿಗೆ ಹೋಗುವ ಹಿಂದಿನ ರಾತ್ರಿ ಮನೆಯಲ್ಲಿ ಒಂದು ಹಾಳೆ ತಗೊಂಡು ಕೂರಿ. ತಲೆಯಲ್ಲಿ ಓಡುತ್ತಿರುವ ಚಿಂತೆಯೆಲ್ಲ ಬರೆಯಿರಿ, ಮುಚ್ಚುಮರೆ ಬೇಡ. ಮಗಳ ಓದು, ಮನೆ ಸಾಲ, ಮಂಡಿನೋವು, ಆಫೀಸಿನಲ್ಲಿ ಕಿರಿಕಿರಿ, ಊರಿನ ಜಮೀನಿನ ತಕರಾರು. ಎಲ್ಲ ಬರೆದಾದ ಮೇಲೆ ಒಂದನ್ನು ಮಾತ್ರ ಇಟ್ಟುಕೊಳ್ಳಿ. ಒಂದು ಸಲಕ್ಕೆ ಒಂದೇ ಪ್ರಶ್ನೆ, ಇದು ಎಲ್ಲ ಗುಡಿಗಳಲ್ಲೂ ಹೇಳುವ ಮಾತು.

ಆ ಒಂದನ್ನು ಕೇಳುವ ರೀತಿಯೂ ಮುಖ್ಯ. "ನನಗೆ ಪ್ರಮೋಷನ್ ಸಿಗುತ್ತಾ" ಅಂತ ಕೇಳಿದರೆ ಪದ್ಯದಿಂದ ಏನೂ ಹುಟ್ಟುವುದಿಲ್ಲ, ಹೌದೋ ಅಲ್ಲವೋ ಅಂತ ತಡಕಾಡುತ್ತಾ ಕೂರುತ್ತೀರಿ. "ಈ ವರ್ಷ ಕೆಲಸದ ವಿಷಯದಲ್ಲಿ ನಾನು ಹೇಗೆ ನಡೆದುಕೊಂಡರೆ ಒಳ್ಳೇದು" ಅಂತ ಕೇಳಿ. ಆಗ ಬಂದ ಪ್ರತಿ ಸಾಲಿಗೂ ನಿಮ್ಮ ಬದುಕಿನಲ್ಲಿ ಒಂದು ಜಾಗ ಸಿಗುತ್ತದೆ. ಕಾಲದ ಮಿತಿಯೂ ಇರಲಿ, ಈ ತಿಂಗಳು ಅಂತಲೋ ಈ ವರ್ಷ ಅಂತಲೋ. ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ ಅಂತ ಕೇಳಬೇಡಿ. ಅವರ ಜೊತೆ ನೀವು ಹೇಗಿರಬೇಕು ಅಂತ ಕೇಳಬಹುದು.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಎದೆನೋವು ಬಂದಿದ್ದರೆ ಡಾಕ್ಟರ ಹತ್ತಿರ ಹೋಗಿ. ಆಪರೇಷನ್ ಮಾಡಿಸಲೋ ಬೇಡವೋ, ಇರುವ ದುಡ್ಡನ್ನೆಲ್ಲ ಷೇರಿಗೆ ಹಾಕಲೋ ಬೇಡವೋ ಅನ್ನುವುದನ್ನು ಕಡ್ಡಿಗೆ ಬಿಡಬೇಡಿ. ಚಿಕಿತ್ಸೆ ನಡೆಯುತ್ತಿರುವಾಗ ಮನಸ್ಸನ್ನು ಹೇಗೆ ಇಟ್ಟುಕೊಳ್ಳಲಿ ಅಂತ ಕೇಳುವುದು ಬೇರೆ ವಿಷಯ.

ಆ ಹಾಳೆಯನ್ನು ಎಸೆಯಬೇಡಿ, ಮುಂದೆ ಕೆಲಸಕ್ಕೆ ಬರುತ್ತದೆ.

ಗುಡಿಯೊಳಗೆ

ಹೊಸ್ತಿಲು ತುಳಿಯಬೇಡಿ, ದಾಟಿ. ನಮಗಿದು ಹೊಸದೇನಲ್ಲ. ತೈವಾನ್ ಕಡೆಯ ದೊಡ್ಡ ಗುಡಿಗಳಲ್ಲಿ ಎದುರಿಗೆ ನಿಂತಾಗ ಬಲಗಡೆ ಕಾಣುವ ಬಾಗಿಲಲ್ಲಿ ಒಳಗೆ ಹೋಗಿ ಎಡಗಡೆಯದರಲ್ಲಿ ಹೊರಗೆ ಬರುತ್ತಾರೆ. ಬಲಗಡೆಯದು ಡ್ರ್ಯಾಗನ್ ಬಾಗಿಲು, ಎಡಗಡೆಯದು ಹುಲಿ ಬಾಗಿಲು, ನಡುವಿನದು ದೇವರಿಗೆ. ಊದುಬತ್ತಿ ಹಚ್ಚುವುದು ಕಡ್ಡಾಯ ಅಂದುಕೊಳ್ಳಬೇಡಿ. ತೈಪೆಯ ಲೋಂಗ್‌ಶಾನ್ ಗುಡಿ 1738ರದು. ಅಲ್ಲಿ 2020ರಿಂದ ಊದುಬತ್ತಿ ಉರಿಸುವುದನ್ನೇ ನಿಲ್ಲಿಸಿದ್ದಾರೆ, ಜನ ಸುಮ್ನೆ ಕೈಮುಗಿಯುತ್ತಾರೆ.

ದೇವರ ಮುಂದೆ ನಿಂತು ಮೊದಲು ನಿಮ್ಮ ಪರಿಚಯ ಹೇಳಿಕೊಳ್ಳಬೇಕು. ಹೆಸರು, ಹುಟ್ಟಿದ ದಿನ, ಇರುವ ಊರು, ಆಮೇಲೆ ಪ್ರಶ್ನೆ. ಮನಸ್ಸಿನಲ್ಲೇ ಹೇಳಿದರೂ ಸಾಕು. ಯಾವ ಭಾಷೆಯಲ್ಲಿ ಅಂತ ಯೋಚನೆ ಬೇಡ, ಕನ್ನಡದಲ್ಲೇ ಹೇಳಿ. ಅವಸರ ಮಾಡಬೇಡಿ. "ನಾನು ಇಂಥವಳು, ಇಂಥ ಕಡೆ ಇದ್ದೇನೆ, ನನಗೆ ಈ ಒಂದು ಚಿಂತೆ ಇದೆ" ಅಂತ ಯಾರ ಮುಂದಾದರೂ ನೇರವಾಗಿ ಹೇಳಿಕೊಂಡು ಎಷ್ಟು ದಿನವಾಗಿರುತ್ತದೆ, ಅಲ್ವಾ? ಹೇಳಿಕೊಂಡಾಗಲೇ ಅರ್ಧ ಭಾರ ಇಳಿದಿರುತ್ತದೆ.

ಡಬ್ಬಿ ಅಲ್ಲಾಡಿಸುವುದು

ಮಂಡಿಯೂರಿ ಕೂತು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿಯಿರಿ. ಬಾಯಿ ನಿಮ್ಮಿಂದ ಆಚೆಗೆ, ನೆಲದ ಕಡೆಗೆ ಓರೆಯಾಗಿರಲಿ. ತುಂಬಾ ಬಗ್ಗಿಸಿದರೆ ಕಡ್ಡಿಗಳೆಲ್ಲ ಒಟ್ಟಿಗೆ ಸುರಿದುಬಿಡುತ್ತವೆ. ನೆಟ್ಟಗೆ ಹಿಡಿದರೆ ಎಷ್ಟು ಹೊತ್ತಾದರೂ ಏನೂ ಬರುವುದಿಲ್ಲ. ತೋಳು ಬೀಸಬೇಡಿ, ಮಣಿಕಟ್ಟಿನಿಂದ ಸಣ್ಣಗೆ, ಒಂದೇ ಲಯದಲ್ಲಿ ಮುಂದಕ್ಕೆ ಕುಲುಕಿಸಿ. ಮೊದಮೊದಲು ಕಡ್ಡಿಗಳು ಒಟ್ಟಾಗಿ ಸರಸರ ಅನ್ನುತ್ತವೆ. ಸ್ವಲ್ಪ ಹೊತ್ತಿಗೆ ನಾಲ್ಕೈದರ ತುದಿ ಉಳಿದವುಗಳಿಗಿಂತ ಮೇಲೆ ಬರುತ್ತದೆ. ಅವುಗಳಲ್ಲಿ ಒಂದೆರಡು ಮತ್ತೆ ಒಳಗೆ ಜಾರುತ್ತವೆ. ಕೊನೆಗೆ ಒಂದು ಮಾತ್ರ ಬೆರಳಷ್ಟು, ಗೇಣಷ್ಟು ಮುಂದೆ ಬಂದು ತೂಗಾಡಿ ಟಕ್ ಅಂತ ನೆಲಕ್ಕೆ ಬೀಳುತ್ತದೆ. ಕಣ್ಣಿಗೆ ಕಂಡ ಕಡ್ಡಿಯನ್ನು ಬೆರಳಿನಿಂದ ಎಳೆಯಬಾರದು. ಎರಡು ಮೂರು ಒಟ್ಟಿಗೆ ಬಿದ್ದರೆ ಲೆಕ್ಕಕ್ಕಿಲ್ಲ, ವಾಪಸ್ ಹಾಕಿ ಮತ್ತೆ ಶುರು ಮಾಡಿ.

ಕುಲುಕಿಸುವಷ್ಟು ಹೊತ್ತೂ ಪ್ರಶ್ನೆ ಒಂದೇ ಮನಸ್ಸಿನಲ್ಲಿರಲಿ. ಕೈಗೆ ಒಂದು ಲಯ, ಕಿವಿಗೆ ಒಂದು ಸದ್ದು, ತಲೆಗೆ ಒಂದು ಮಾತು. ಬೇರೆ ಯೋಚನೆ ಬಂದರೆ ಕೈಯೂ ತಪ್ಪುತ್ತದೆ.

ತೈವಾನಿನ ಹಲವು ಗುಡಿಗಳಲ್ಲಿ ಕುಲುಕಿಸುವುದಿಲ್ಲ. ದೊಡ್ಡ ಪಾತ್ರೆಯಲ್ಲಿ ಉದ್ದ ಕಡ್ಡಿಗಳು ನಿಂತಿರುತ್ತವೆ, ಕೈಯಿಂದಲೇ ಒಂದು ಎತ್ತಿಕೊಳ್ಳಬೇಕು.

ಇದೇ ಕಡ್ಡಿ ನನ್ನದಾ?

ಸಿಂಗಾಪುರ, ತೈವಾನ್ ಕಡೆ ಬಿದ್ದ ಕಡ್ಡಿಯನ್ನು ಹಾಗೇ ಒಪ್ಪಿಕೊಳ್ಳುವುದಿಲ್ಲ. ಬಾಳೆಹಣ್ಣಿನ ಹಾಗೆ ಬಾಗಿದ ಎರಡು ಮರದ ತುಂಡುಗಳಿರುತ್ತವೆ, ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಉಬ್ಬು. ಮ್ಯಾಂಡರಿನ್‌ನಲ್ಲಿ ಅವಕ್ಕೆ ಜಿಯಾವೋಬೇ ಅನ್ನುತ್ತಾರೆ. ಎರಡನ್ನೂ ಅಂಗೈಯಲ್ಲಿ ಜೋಡಿಸಿ ಹಿಡಿದು "ಈ ನಂಬರು ನನ್ನದೇನಾ" ಅಂತ ಕೇಳಿ ನೆಲಕ್ಕೆ ಬಿಡಬೇಕು. ಒಂದು ಚಪ್ಪಟೆ, ಒಂದು ಉಬ್ಬು ಮೇಲೆ ಬಂದರೆ ಹೌದು. ಎರಡೂ ಉಬ್ಬು ಮೇಲಾದರೆ ಇಲ್ಲ. ಎರಡೂ ಚಪ್ಪಟೆ ಮೇಲಾದರೆ ದೇವರು ನಗುತ್ತಿದ್ದಾರೆ ಅನ್ನುತ್ತಾರೆ, ಅಂದರೆ ಪ್ರಶ್ನೆ ಸ್ಪಷ್ಟವಾಗಿಲ್ಲ ಅಥವಾ ಉತ್ತರ ನಿಮಗೇ ಗೊತ್ತಿದೆ. ಕೆಲವು ಗುಡಿಗಳಲ್ಲಿ ಒಂದು ಹೌದು ಸಾಕು. ಕೆಲವು ಕಡೆ ಸತತವಾಗಿ ಮೂರು ಬೇಕು, ಇಲ್ಲದಿದ್ದರೆ ಬೇರೆ ಕಡ್ಡಿ.

ದೇವರ ನಗು ಬಂದರೆ ಎದ್ದು ಪಕ್ಕಕ್ಕೆ ಬಂದು ಪ್ರಶ್ನೆಯನ್ನು ಮತ್ತೆ ನೋಡಿ. ಒಂದರಲ್ಲಿ ಎರಡು ಪ್ರಶ್ನೆ ತುರುಕಿದ್ದೀರಾ? ಈಗಾಗಲೇ ನಿರ್ಧಾರ ಮಾಡಿ ಸುಮ್ನೆ ಒಪ್ಪಿಗೆ ಕೇಳುತ್ತಿದ್ದೀರಾ? ಸರಿ ಮಾಡಿಕೊಂಡು ಮತ್ತೆ ಕೂರಿ.

ಚೀಟಿ ಓದುವುದು

ಇಲ್ಲಿ ನಿಧಾನ ಬೇಕು. ದರ್ಜೆ ನೋಡಿ ಚೀಟಿ ಮಡಚಿಡಬೇಡಿ. ಓದುವ ಕ್ರಮ ಇದು: ಮೊದಲು ಕತೆ, ಆಮೇಲೆ ಪದ್ಯ, ಆಮೇಲೆ ನಿಮ್ಮ ವಿಷಯದ ಸಾಲು, ಕೊನೆಗೆ ದರ್ಜೆ.

ಗುವಾನ್‌ಯಿನ್ ಚೀಟಿಗಳಲ್ಲಿ 2ನೇ ನಂಬರು ತಗೊಳ್ಳೋಣ. ದರ್ಜೆ ಮಧ್ಯಮ. ಕತೆ ಸೂ ಚಿನ್ ಅನ್ನುವವನದು. ರಾಜ್ಯಗಳು ಒಂದರ ಮೇಲೊಂದು ಯುದ್ಧಕ್ಕೆ ಬೀಳುತ್ತಿದ್ದ ಕಾಲದ ಮಾತುಗಾರ ಅವನು. ರಾಜರ ಹತ್ತಿರ ಕೆಲಸ ಕೇಳಿಕೊಂಡು ಹೋಗಿ, ಎಲ್ಲೂ ಗಿಟ್ಟದೆ, ಕೈ ಖಾಲಿ ಮಾಡಿಕೊಂಡು ಮನೆಗೆ ಬಂದ. ಹೆಂಡತಿ ಮಗ್ಗದಿಂದ ಏಳಲಿಲ್ಲ, ಅತ್ತಿಗೆ ಅಡುಗೆ ಮಾಡಿ ಬಡಿಸಲಿಲ್ಲ. ಅವನು ಕೂತು ಓದಿದ. ನಿದ್ದೆ ಬಂದರೆ ದಬ್ಬಣದಿಂದ ತೊಡೆ ಚುಚ್ಚಿಕೊಂಡು ಓದಿದನಂತೆ. ಮುಂದೆ ಆರು ರಾಜ್ಯಗಳ ಮಂತ್ರಿಯಾದ. ಚೀಟಿ ಎತ್ತಿಕೊಳ್ಳುವುದು ಆ ಗೆಲುವನ್ನಲ್ಲ, ಸೋತು ಮನೆಗೆ ಬಂದ ಹೊತ್ತನ್ನು.

ಪದ್ಯದ ಸಾರ ಹೀಗಿದೆ: ಮೀನು ಇನ್ನೂ ರೂಪ ಬದಲಿಸಿಲ್ಲ, ನದಿ ಕೆರೆಯಲ್ಲೇ ಇರಲಿ, ಈಗಲೇ ಮೇಲಕ್ಕೆ ಹಾರಲು ನೋಡಬಾರದು, ಮುಂದೊಂದು ದಿನ ಡ್ರ್ಯಾಗನ್ ಬಾಗಿಲನ್ನು ದಾಟುತ್ತದೆ. ನದಿಯ ಎದುರಿಗೆ ಈಜಿ ಆ ಬಾಗಿಲು ಹಾರಿದ ಮೀನು ಡ್ರ್ಯಾಗನ್ ಆಗುತ್ತದೆ ಅನ್ನುವುದು ಚೀನಾದಲ್ಲಿ ಮನೆಮನೆಯ ಮಾತು.

ಈಗ ನಿಮ್ಮ ಪ್ರಶ್ನೆ ಇದರ ಪಕ್ಕದಲ್ಲಿಡಿ. "ಈ ವರ್ಷ ಕೆಲಸದಲ್ಲಿ ಹೇಗೆ ನಡೆದುಕೊಳ್ಳಲಿ" ಅಂತ ಕೇಳಿದ್ದರೆ ನನ್ನ ಓದು ಇದು: ಕೆಲಸ ಬದಲಿಸುವ ಅವಸರ ಬೇಡ, ಕಲಿಯುವುದು ಬಾಕಿ ಇದೆ, ಮನೆಯಲ್ಲಿ ಯಾರಾದರೂ ಮುಖ ತಿರುಗಿಸಿದರೂ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಗಮನಿಸಿ, ಪದ್ಯ ಮೀನನ್ನು ಬೈಯುವುದಿಲ್ಲ. ನದಿ ಕೆರೆಯಲ್ಲಿ ಇರುವುದೂ ಮೀನಿಗೆ ತಕ್ಕ ಬದುಕೇ.

ಚೀಟಿಯಲ್ಲಿ ವಿಷಯವಾರು ಸಣ್ಣ ಸಾಲುಗಳೂ ಇರುತ್ತವೆ. ಗುವಾನ್‌ಯಿನ್ ಚೀಟಿಗಳ ಹಳೇ ಪಟ್ಟಿ ನೋಡಿದರೆ ಮನಸ್ಸು ತುಂಬಿ ಬರುತ್ತದೆ. ಮನೆ, ಹಣ, ವ್ಯಾಪಾರ, ಮದುವೆ, ಬಸಿರು, ಹೊಲ ಮತ್ತು ರೇಷ್ಮೆಹುಳು, ದನಕರು, ದೂರ ಹೋದವರು ಬರುತ್ತಾರಾ, ವ್ಯಾಜ್ಯ, ಮನೆ ಬದಲಿಸುವುದು, ಕಳೆದುಹೋದ ವಸ್ತು, ಕಾಯಿಲೆ, ಸಮಾಧಿಯ ಜಾಗ. ಹಿಂದಿನ ರಾತ್ರಿ ನೀವು ಬರೆದ ಹಾಳೆ ತೆಗೆದು ಪಕ್ಕದಲ್ಲಿಟ್ಟು ನೋಡಿ. ಬಹುಪಾಲು ಇದರಲ್ಲೇ ಇರುತ್ತದೆ. ಎಷ್ಟೋ ಶತಮಾನಗಳಿಂದ ಅದೇ ಚಿಂತೆ ಹೊತ್ತು, ಅದೇ ಮಂಡಿಯೂರಿ, ಜನ ಕೇಳಿಕೊಂಡೇ ಬಂದಿದ್ದಾರೆ. ನನ್ನೊಬ್ಬನಿಗೇ ಹೀಗೆ ಅನ್ನುವ ಭಾವನೆ ಅಲ್ಲೇ ಸಡಿಲವಾಗುತ್ತದೆ.

ದರ್ಜೆಯನ್ನು ಕೊನೆಗೆ ನೋಡಿ ಅಂದೆನಲ್ಲ, ಅದಕ್ಕೆ ಕಾರಣ ಇದೆ. ವಾಂಗ್ ತಾಯ್ ಸಿನ್ ಕಡ್ಡಿಗಳಲ್ಲಿ 1ನೇ ನಂಬರು ಅತ್ಯುತ್ತಮ. ಅದರ ಕತೆ ಜಿಯಾಂಗ್ ಅನ್ನುವ ಮುದುಕನದು. ಡೊಂಕಿಲ್ಲದ ನೆಟ್ಟಗಿನ ಗಾಳ ಹಿಡಿದು ನದಿ ದಂಡೆಯಲ್ಲಿ ಕೂತಿದ್ದ. ರಾಜ ಬಂದು ಗುರುತಿಸಿ ಮಂತ್ರಿ ಮಾಡುವ ಹೊತ್ತಿಗೆ ತಲೆ ಪೂರ್ತಿ ನರೆತಿತ್ತು. ಅತ್ಯುತ್ತಮ ಕಡ್ಡಿಯ ಒಳಗೂ ಅಷ್ಟು ವರ್ಷಗಳ ಕಾಯುವಿಕೆ ಇದೆ. ಬರೀ ದರ್ಜೆ ನೋಡಿ ಖುಷಿಪಟ್ಟವರಿಗೆ ಅದು ಕಾಣುವುದೇ ಇಲ್ಲ.

ಮಧ್ಯಮ ಬಂದರೆ

ಬರುವುದು ಹೆಚ್ಚಾಗಿ ಇದೇ. ಹಾಂಗ್‌ಕಾಂಗಿನ ಶಾ ಟಿನ್‌ನಲ್ಲಿರುವ ಚೆ ಕುಂಗ್ ಗುಡಿಯ 96 ಕಡ್ಡಿಗಳಲ್ಲಿ 35 ಒಳ್ಳೆಯವು, 17 ಕೆಟ್ಟವು, ಉಳಿದ 44 ಮಧ್ಯಮ. ಚೀನೀ ಹೊಸವರ್ಷದ ಎರಡನೇ ದಿನ ಅಲ್ಲಿ ಇಡೀ ಹಾಂಗ್‌ಕಾಂಗಿನ ಪರವಾಗಿ ಒಂದು ಕಡ್ಡಿ ಎತ್ತುತ್ತಾರೆ. 2003ರಲ್ಲಿ ಕೆಟ್ಟ ಕಡ್ಡಿ ಬಂತು, ಆ ವರ್ಷ ಸಾರ್ಸ್ ಕಾಯಿಲೆ ಊರನ್ನೇ ನಡುಗಿಸಿತು, ಜನ ಈಗಲೂ ಅದನ್ನೇ ನೆನೆಸುತ್ತಾರೆ. ನಮ್ಮ ಮೈಲಾರದ ಕಾರ್ಣಿಕದ ಹಾಗೆ, ಒಂದು ಸಾಲು ಬಂದರೆ ರೈತರು ಮಳೆಗೆ, ರಾಜಕಾರಣಿಗಳು ಕುರ್ಚಿಗೆ ಹೊಂದಿಸಿಕೊಳ್ಳುತ್ತಾರೆ. ಮಧ್ಯಮ ಬಂದ ವರ್ಷಗಳನ್ನು ಮಾತ್ರ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಆ ವರ್ಷಗಳಲ್ಲೂ ಮಕ್ಕಳು ಶಾಲೆಗೆ ಹೋದರು, ಅಂಗಡಿ ತೆರೆಯಿತು, ಸಂಜೆ ಊಟ ಆಯಿತು.

ಹಾಗಾಗಿ ಮಧ್ಯಮ ಬಂದಾಗ "ಛೆ" ಅನ್ನಬೇಡಿ. ಮನೆಗೆ ಬಂದು ಅದೇ ಹಾಳೆಯ ಹಿಂಬದಿಯಲ್ಲಿ ಮೂರು ವಿಷಯ ಬರೆಯಿರಿ. ಚೀಟಿ ಓದಿದ ಕೂಡಲೇ ಮನಸ್ಸಿಗೆ ಏನನ್ನಿಸಿತು, ಬೇಜಾರಾ, ಸಮಾಧಾನವಾ? ಸಮಾಧಾನ ಆಗಿದ್ದರೆ ನೀವು ಅಷ್ಟು ಆಸೆ ಪಡುತ್ತಿದ್ದುದು ನಿಮಗೆ ನಿಜವಾಗಿ ಬೇಕಾಗಿರಲಿಲ್ಲವೇನೋ. ಎರಡನೆಯದು, ಪದ್ಯದ ಪ್ರಕಾರ ಈ ವಾರ ಮಾಡಬಹುದಾದ ಒಂದು ಸಣ್ಣ ಕೆಲಸ. "ಸಾಲ ತೀರಿಸುವುದು" ಅಂತ ಬರೆಯಬೇಡಿ, "ಶನಿವಾರ ಕೂತು ಬ್ಯಾಂಕಿನ ಲೆಕ್ಕ ನೋಡುವುದು" ಅಂತ ಬರೆಯಿರಿ. ಮೂರನೆಯದು, ಏನೂ ಬದಲಾಗದಿದ್ದರೂ ಈಗಲೇ ಸರಿಯಾಗಿರುವುದು ಯಾವುದು. ನಿದ್ದೆ ಬರುತ್ತದೆ, ಅಮ್ಮ ಫೋನಿನಲ್ಲಿ ನಗುತ್ತಾ ಮಾತಾಡಿದರು, ಮನೆ ಮುಂದಿನ ಗಿಡ ಚಿಗುರಿದೆ. ಸಣ್ಣದು ಅಂತ ಬಿಡಬೇಡಿ. ತಿಂಗಳಿಗೊಮ್ಮೆ ಆ ಹಾಳೆ ತೆಗೆದು ಮೂರನೇ ಪಟ್ಟಿಗೆ ಒಂದೆರಡು ಸೇರಿಸುತ್ತಾ ಹೋಗಿ. ತೃಪ್ತಿ ಅನ್ನುವುದು ನನಗೆ ಅರ್ಥವಾಗಿದ್ದು ಈ ಪಟ್ಟಿ ಬೆಳೆಯುತ್ತಾ ಹೋದಾಗಲೇ.

ಕೆಟ್ಟದ್ದು ಬಂದರೆ

ಗಾಬರಿ ಬೇಡ. ಅದೇ ದಿನ ಅದೇ ಪ್ರಶ್ನೆಗೆ ಒಳ್ಳೇದು ಬರುವವರೆಗೆ ಡಬ್ಬಿ ಕುಲುಕಿಸುತ್ತಾ ಕೂರಬೇಡಿ, ಕೇಳಿದ್ದಕ್ಕೆ ಅರ್ಥವೇ ಉಳಿಯುವುದಿಲ್ಲ. ಕೆಟ್ಟ ಚೀಟಿಯ ಪದ್ಯದಲ್ಲಿ ಬಹಳ ಸಲ ಎಚ್ಚರಿಕೆಯ ಮಾತಿರುತ್ತದೆ: ಸ್ವಲ್ಪ ಕಾದು ನೋಡು, ಜಗಳಕ್ಕೆ ಹೋಗಬೇಡ, ಹೊಸದು ಶುರು ಮಾಡಬೇಡ. ಆ ಒಂದು ಮಾತನ್ನು ಇಟ್ಟುಕೊಳ್ಳಿ, ಚೀಟಿಯನ್ನು ಗುಡಿಯಲ್ಲೇ ಬಿಟ್ಟು ಬನ್ನಿ. ಜಪಾನಿನಲ್ಲಿ ಕೆಟ್ಟ ಚೀಟಿಯನ್ನು ಗುಡಿಯ ಅಂಗಳದಲ್ಲಿ ಮರಕ್ಕೋ ತಂತಿಗೋ ಕಟ್ಟಿ ಬರುತ್ತಾರೆ. ಯಾರಾದರೂ ಹೆದರಿಸಿ "ದೋಷ ಕಳೆಯಲು ಇಷ್ಟು ದುಡ್ಡು ಕೊಡಿ" ಅಂದರೆ ಕೈಮುಗಿದು ಎದ್ದು ಬನ್ನಿ. ಕಡ್ಡಿ ಕೇಳುವುದಕ್ಕೆ ದೊಡ್ಡ ದುಡ್ಡು ಎಲ್ಲೂ ಬೇಕಾಗಿಲ್ಲ.

ಮತ್ತೆ ಹೋಗುವುದು

ಪ್ರವಾಸಿಗರು ಬಿಟ್ಟುಬಿಡುವ ಹೆಜ್ಜೆ ಇದು, ಅಲ್ಲಿನವರು ತಪ್ಪಿಸದ ಹೆಜ್ಜೆಯೂ ಇದೇ. ವರ್ಷದ ಆರಂಭದಲ್ಲಿ ಕೇಳಿದವರು ಚೀನೀ ವರ್ಷ ಮುಗಿಯುವ ಮೊದಲು ಅದೇ ದೇವರ ಹತ್ತಿರ ಹೋಗಿ ಕೃತಜ್ಞತೆ ಹೇಳಿ ಬರುತ್ತಾರೆ. ವಾಂಗ್ ತಾಯ್ ಸಿನ್‌ನಲ್ಲಿ ಆ ದಿನಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನಮ್ಮಲ್ಲೂ ಹರಕೆ ಹೊತ್ತು ತೀರಿಸದೆ ಇರುವುದನ್ನು ದೊಡ್ಡವರು ಒಪ್ಪುವುದಿಲ್ಲ. ವ್ಯತ್ಯಾಸ ಇಷ್ಟೇ, ಅಲ್ಲಿ ಕೇಳಿದ್ದು ಸಿಗಲಿ ಬಿಡಲಿ, ವರ್ಷ ಕಳೆಯಿತಲ್ಲ ಅನ್ನುವುದಕ್ಕೇ ಹೋಗುವವರಿದ್ದಾರೆ.

ಕಿತ್ತಳೆಯೋ ಬೇರೆ ಹಣ್ಣೋ ತಗೊಂಡು ಹೋಗಿ. ಹಾಳೆಯನ್ನೂ ಒಯ್ಯಿರಿ. ಹೆಸರು, ಊರು ಮತ್ತೆ ಹೇಳಿಕೊಂಡು, ವರ್ಷದಲ್ಲಿ ನಡೆದದ್ದನ್ನು ಆ ಮೂರನೇ ಪಟ್ಟಿಯಿಂದ ಓದಿ ಹೇಳಿ. ಹೊಸ ಬೇಡಿಕೆ ಆ ದಿನ ಇಡಬೇಡಿ.

ವಿದೇಶಕ್ಕೆ ಒಮ್ಮೆ ಹೋಗಿ ಬಂದವರು ವಾಪಸ್ ಹೋಗಲು ಆಗದಿದ್ದರೆ ಮನೆಯಲ್ಲೇ, ನೀವು ದಿನಾ ದೀಪ ಹಚ್ಚುವ ಕಡೆ ನಿಂತು ಹೇಳಿದರೆ ಸಾಕು ಅನ್ನುವುದು ನನ್ನ ಅಭಿಪ್ರಾಯ. ಮನೆಯಲ್ಲೇ ಕಡ್ಡಿ ಇಟ್ಟುಕೊಳ್ಳುವ ಆಸೆ ಇದ್ದವರಿಗೆ ಆನ್‌ಲೈನಿನಲ್ಲಿ 100 ಕಡ್ಡಿಯ ಡಬ್ಬಿ ಪುಸ್ತಕದ ಸಮೇತ ಸಿಗುತ್ತದೆ. ತಗೊಳ್ಳುವಾಗ ಪುಸ್ತಕದಲ್ಲಿ ಪದ್ಯ ಮತ್ತು ಕತೆ ಎರಡೂ ಇದೆಯಾ ಅಂತ ನೋಡಿ. ಬರೀ "ಒಳ್ಳೇದು, ಕೆಟ್ಟದ್ದು" ಅಂತ ಒಂದೊಂದು ಸಾಲು ಮಾತ್ರ ಇರುವುದನ್ನು ಕೊಳ್ಳಬೇಡಿ. ದಿನಾ ತೆಗೆಯಬೇಡಿ, ತಿಂಗಳಿಗೆ ಒಂದು ಪ್ರಶ್ನೆ ಸಾಕು. ಹಿಂದಿನ ಚೀಟಿಯ ಸಣ್ಣ ಕೆಲಸ ಮುಗಿದಿಲ್ಲ ಅಂದರೆ ಅದನ್ನು ಮುಗಿಸಿದ ಮೇಲೆಯೇ ಡಬ್ಬಿ ಮುಟ್ಟಿ.